ಸುಧಾಕರಣ್ಣ ಹೋದ ಮಳೆಗಾಲ

ಹೋದ ತಿಂಗಳು ಧಾರವಾಡಕ್ಕೆ ಹೊರಟು ಪುಣೆಯ ಸ್ವಾರಗೇಟಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ಬಸ್ಸು ತಡ ಎಂದರು. ಏನಾದರೂ ತಿಂದುಬಿಡೋಣ ಎಂದು ನಾನು, ನನ್ನ ಗಂಡ ಶ್ರೀಪಾದ ಪಕ್ಕದ ಒಂದು ಸಣ್ಣ ಹೋಟೆಲ್ಲಿಗೆ ಹೊಕ್ಕೆವು. ದೋಸೆ ಬಂತು. ಅದೇ ಹೊತ್ತಿಗೆ ಒಬ್ಬ ಹೆಂಗಸು ಬಕೆಟ್ಟು ತಂದಿಟ್ಟು ನಮ್ಮ ಮೇಜಿನ ಕೆಳಗೆ ನೆಲ ಒರೆಸತೊಡಗಿದಳು. ಫಿನೈಲಿನ ವಾಸನೆ ಎದ್ದಿತು. ಅದರ ಜೊತೆಗೇ ಬಿಸಿ ಸಾಂಬಾರಿನ ವಾಸನೆ. ಮೊದಲ ತುತ್ತು ಬಾಯಲ್ಲೇ ಉಳಿಯಿತು. ಎದ್ದು ಹೊರಗೆ ಬಂದು ಫುಟ್‌ಪಾತಿನ ಕಂಬ ಹಿಡಿದು ನಿಂತೆ. ಶ್ರೀಪಾದ ಹಿಂದೆಯೇ ಬಂದರು. ಏನಾಯಿತೆಂದು ಕೇಳಲಿಲ್ಲ. ನೀರಿನ ಬಾಟಲಿ ಕೈಗೆ ಕೊಟ್ಟು, "ಇರ್ಲಿ ಬಿಡು, ಬಸ್ಸಿನ್ಯಾಗ ಬಿಸ್ಕೀಟ್ ತಿಂದ್ರಾತು" ಎಂದರು.

ಆ ಎರಡು ವಾಸನೆ ಒಟ್ಟಿಗೆ ಬಂದರೆ ನನಗೆ ಅಲ್ಲಿ ಕೂತಿರಲಾಗುವುದಿಲ್ಲ. ಬೇರೆ ಬೇರೆ ಬಂದರೆ ಏನೂ ಆಗುವುದಿಲ್ಲ. ದಿನಾ ಮನೆಯಲ್ಲಿ ಸಾಂಬಾರು ಮಾಡುತ್ತೇನೆ, ಶಾಲೆಯ ಕಾರಿಡಾರಿನಲ್ಲಿ ದಿನಾ ಫಿನೈಲು ತುಳಿದು ಓಡಾಡುತ್ತೇನೆ. ಎರಡೂ ಸೇರಿದರೆ ಮಾತ್ರ ನಮ್ಮ ಬಿಬವೇವಾಡಿಯ ಗಲ್ಲಿ, ಆ ಮಳೆಗಾಲ, ಹೋಟೆಲ್ಲಿನ ಆ ಮೂರು ಮೆಟ್ಟಿಲು.

ನಮ್ಮದು ಒಳಗಲ್ಲಿಯ ಹಳೆಯ ಕಟ್ಟಡ. ನಾವಿರುವುದು ಮೊದಲ ಮಹಡಿಯಲ್ಲಿ. ಬಾಲ್ಕನಿಯಲ್ಲಿ ನಿಂತರೆ ಎದುರು ಸಾಲು ಪೂರ್ತಿ ಕಾಣುತ್ತದೆ. ಔಷಧಿ ಅಂಗಡಿ, ಇಸ್ತ್ರಿಯವನ ಟೇಬಲ್ಲು, ಅವೆರಡರ ನಡುವೆ ಸುಧಾಕರಣ್ಣನ ಹೋಟೆಲ್ಲು. ಸುಧಾಕರಣ್ಣ ಬೈಂದೂರಿನ ಕಡೆಯವರು. ಮೀಸೆ ಮೂಡುವ ಮೊದಲೇ ಸೋದರಮಾವನ ಹೋಟೆಲ್ಲಿಗೆಂದು ಪುಣೆಗೆ ಬಂದವರು, ಮುಂದೆ ತಮ್ಮದೇ ಒಂದು ಹೋಟೆಲ್ಲು ಮಾಡಿಕೊಂಡರು. ಎತ್ತರದ ಆಳು, ಹೆಗಲ ಮೇಲೆ ಸದಾ ಒಂದು ಟವೆಲು. ಅಷ್ಟು ವರ್ಷ ಇದ್ದರೂ ಅವರ ಮರಾಠಿಯಲ್ಲಿ ಗಂಡು ಹೆಣ್ಣಾಗುತ್ತಿತ್ತು, ಹೆಣ್ಣು ಗಂಡಾಗುತ್ತಿತ್ತು. ಗಿರಾಕಿಗಳು ನಕ್ಕರೆ ಅವರೂ ನಗುತ್ತಿದ್ದರು. ತಮಗಿಂತ ಚಿಕ್ಕವರು ಯಾರೇ ಇರಲಿ, ಕಾಲೇಜು ಹುಡುಗರು, ಪಾರ್ಸೆಲ್ ತರುವವರು, ಬೀಟಿಗೆ ಬಂದ ಪೊಲೀಸ್ ಪೇದೆ, ಎಲ್ಲರನ್ನೂ 'ಬಾಳಾ' ಎಂದೇ ಕರೆಯುತ್ತಿದ್ದರು. ಮರಾಠಿಯಲ್ಲಿ ಮಗಾ ಎಂದು ಕರೆದ ಹಾಗೆ.

ಅವರ ಹೆಂಡತಿ ಜಲಜಕ್ಕ ಒಳಗೆ ರುಬ್ಬುವುದು, ಒಗ್ಗರಣೆ ನೋಡಿಕೊಳ್ಳುವುದು. ಮಗಳು ಮದುವೆಯಾಗಿ ಮಂಗಳೂರು ಸೇರಿದ ಮೇಲೆ ಮಾತು ಇನ್ನಷ್ಟು ಕಡಿಮೆಯಾಗಿತ್ತು. ಮರಾಠಿ ಪೂರ್ತಿ ಅರ್ಥವಾಗುತ್ತಿತ್ತು, ಆದರೆ ಆಡುತ್ತಿದ್ದುದು ಬೇಕಾದಷ್ಟೇ. ಕನ್ನಡದವರು ಬಂದರೆ ಮಾತ್ರ ಅಡುಗೆಮನೆಯ ಕಿಟಕಿಯಿಂದ ಮುಖ ಹೊರಗೆ ಬರುತ್ತಿತ್ತು. ಭಾನುವಾರ ಬೆಳಿಗ್ಗೆ ಅಲ್ಲಿ ಸೇರುತ್ತಿದ್ದವರೆಲ್ಲ ನಾವೇ. ಧಾರವಾಡ ಬೆಳಗಾವಿ ಕಡೆಯ ಸಂಸಾರಗಳು, ಕರಾವಳಿಯ ಹೋಟೆಲ್ಲಿನವರ ನೆಂಟರು, ಬೆಂಗಳೂರಿನಿಂದ ಬಂದು ಒಂದೇ ರೂಮಿನಲ್ಲಿರುವ ಐಟಿ ಹುಡುಗರು. "ಸಾಂಬಾರಿಗೆ ಖಾರ ಭಾಳ ಕಡಿಮಿ ಆಗ್ಯದ್ರಿ" ಎಂದು ನಾನು ಪ್ರತಿ ಸಲವೂ ಹೇಳುವುದು, "ಟೀಚರೇ, ನಿಮಗೆ ಸಾಂಬಾರಲ್ಲ, ಬೆಂಕಿ ಬೇಕು" ಎಂದು ಸುಧಾಕರಣ್ಣ ಅನ್ನುವುದು. ನಾನು ಶಾಲೆಯಲ್ಲಿ ಭೂಗೋಳ ಕಲಿಸುತ್ತೇನೆ, ಗಲ್ಲಿಗೆಲ್ಲ ಟೀಚರ್.

ಆ ವರ್ಷ ಮಳೆ ಬೇಗ ಹಿಡಿಯಿತು. ಶಾಲೆ ಶುರುವಾಗುವ ಮೊದಲೇ ಗಟಾರಗಳು ತುಂಬಿ ಹರಿಯುತ್ತಿದ್ದವು. ಪಂಢರಪುರಕ್ಕೆ ಹೊರಟ ಪಾಲಖಿ ಊರಿಗೆ ಬಂದ ದಿನವೂ ಜೋರು ಮಳೆ. ಸುಧಾಕರಣ್ಣ ಹೋಟೆಲ್ಲು ಮುಚ್ಚಿ, ದೊಡ್ಡ ಪಾತ್ರೆಯಲ್ಲಿ ಚಹಾ ಕಾಯಿಸಿಕೊಂಡು ರಸ್ತೆಗೆ ಹೋಗಿ, ನೆನೆಯುತ್ತ, ಪಾಲಖಿಯ ಜೊತೆ ನಡೆದು ಬಂದ ವಾರಕರಿಗಳಿಗೆ ಹಂಚಿ ಬಂದರು. ನೆಗಡಿ ಹಿಡಿಯಿತು. ಜಲಜಕ್ಕ ಬೈದದ್ದು ನಮ್ಮ ಬಾಲ್ಕನಿಗೂ ಕೇಳಿಸಿತು. ಅವರನ್ನು ಅಷ್ಟು ಖುಷಿಯಾಗಿ ಕಂಡ ಕೊನೆಯ ದಿನ ಅದು.

ಆಷಾಢ ಮುಗಿಯುತ್ತಿತ್ತು. ದೇವರ ಮುಂದೆ ದೀಪ ಹಚ್ಚಿ, ಒಣಗದ ಬಟ್ಟೆ ಒಳಗೆ ತರಲು ಬಾಲ್ಕನಿಗೆ ಹೋಗಿದ್ದೆ. ಗಲ್ಲಿಯ ಆ ತುದಿಯಲ್ಲಿ ಏನೋ ಒಡೆದ ಸದ್ದು. ಯಾರದೋ ಮನೆಯಲ್ಲಿ ಗ್ಲಾಸು ಬಿತ್ತೆಂದುಕೊಂಡೆ. ಮತ್ತೊಂದು ಒಡೆಯಿತು, ಮತ್ತೊಂದು. ನೋಡಿದರೆ ಒಂದು ಬೈಕು, ಅದರ ಮೇಲೆ ಮೂವರು. ಹಿಂದೆ ಕೂತ ಇಬ್ಬರ ಕೈಯಲ್ಲೂ ಕೊಯ್ತಾ, ಕಬ್ಬು ಕಡಿಯುವ, ಎಳನೀರು ಕೆತ್ತುವ ಆ ಬಾಗಿದ ಕತ್ತಿ. ಬೈಕು ನಿಧಾನ ಬರುತ್ತಿತ್ತು. ಎಡಗಡೆ ನಿಲ್ಲಿಸಿದ ಕಾರಿಗೆ ಒಬ್ಬ, ಬಲಗಡೆಯ ಸ್ಕೂಟರಿಗೆ ಇನ್ನೊಬ್ಬ, ಒಂದನ್ನೂ ಬಿಡದೆ ಹೊಡೆಯುತ್ತ ಬಂದರು. ಕೂಗಾಟವಿಲ್ಲ, ಬೈಗುಳವಿಲ್ಲ. ಯಾರನ್ನೋ ಹುಡುಕುವವರ ಹಾಗೂ ಇರಲಿಲ್ಲ. ವಹಿಸಿದ ಕೆಲಸ ಮುಗಿಸುವವರ ಹಾಗಿದ್ದರು.

ಔಷಧಿ ಅಂಗಡಿಯವನು ಶಟರ್ ಎಳೆದುಕೊಂಡ. ಸುಧಾಕರಣ್ಣ ಅದೇ ಹೊತ್ತಿಗೆ ಹೊರಗಿನ ಪ್ಲಾಸ್ಟಿಕ್ ಕುರ್ಚಿಗಳನ್ನು ಮಳೆ ಬರುವ ಮೊದಲು ಒಳಗಿಡಲೆಂದು ಮೆಟ್ಟಿಲಿಳಿದಿದ್ದರು. ಕೈಯಲ್ಲೊಂದು ಕುರ್ಚಿ ಇತ್ತು. ಬೈಕು ಹೋಟೆಲ್ಲಿನ ಮುಂದೆ ಬಂತು, ಅಲ್ಲಿ ನಿಂತಿದ್ದ ನಮ್ಮದೇ ಸ್ಕೂಟರಿನ ಕನ್ನಡಿ ಹಾರಿತು. ಸುಧಾಕರಣ್ಣ ಕೂಗಲಿಲ್ಲ. ಗಿರಾಕಿ ಯಾರಾದರೂ ನೀರು ಚೆಲ್ಲಿದರೆ ಹೇಗೆ ಅನ್ನುತ್ತಿದ್ದರೋ ಹಾಗೆಯೇ, "ಏ ಬಾಳಾ, ಕಾಯ್ ಕರತೋಯ್ಸ್ ರೇ?" ಎಂದರು. ಏನು ಮಾಡ್ತಾ ಇದ್ದೀಯೋ ಮಗಾ.

ಕೊನೆಯಲ್ಲಿ ಕೂತವನು ಇಳಿದ. ಕುತ್ತಿಗೆಗೆ ಒಂದು ಏಟು. ಅವರು ಕುರ್ಚಿಯ ಸಮೇತ ಬಿದ್ದ ಮೇಲೆ ಇನ್ನೊಂದು. ನಾನು ಕಿರುಚಿರಬೇಕು, ಅವನು ತಲೆಯೆತ್ತಿ ನೋಡಿದ. ಹೋಟೆಲ್ಲಿನ ಟ್ಯೂಬ್‌ಲೈಟು ನೇರ ಅವನ ಮುಖದ ಮೇಲಿತ್ತು. ಓಡಿದವನ ಹಾಗೆ ಬಾಯಿ ತೆರೆದು ಉಸಿರಾಡುತ್ತಿದ್ದ. ಮೇಲಿನ ಹಲ್ಲುಗಳಿಗೆ ತಂತಿ ಹಾಕಿಸಿದ್ದ. ನನ್ನ ಮಗಳು ಅದಿತಿಗೂ ನಾವು ಹಾಕಿಸಿದ್ದೆವು, ತಿಂಗಳು ತಿಂಗಳೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಬಿಗಿ ಮಾಡಿಸಬೇಕು. ಇವನ ಹಲ್ಲು ನೆಟ್ಟಗಾಗಲಿ ಎಂದು ಒಂದು ಮನೆಯಲ್ಲಿ ಯಾರೋ ಆಸೆಪಟ್ಟಿದ್ದಾರೆ ಎಂಬುದು ಆ ಕ್ಷಣದಲ್ಲೂ ನನಗೆ ಹೊಳೆಯಿತು.

ಅವನು ಮತ್ತೆ ಬೈಕು ಹತ್ತಿದ. ಬೈಕು ಮುಂದೆ ಹೋಯಿತು. ನಾನು ಮೆಟ್ಟಿಲಿಳಿದು ಓಡುತ್ತಿದ್ದಾಗ ಗಲ್ಲಿಯ ಈ ತುದಿಯಲ್ಲಿ ಇನ್ನೊಂದು ಗಾಜು ಒಡೆದದ್ದು ಕೇಳಿಸಿತು. ಅದೇ ನನಗೆ ಇವತ್ತಿಗೂ ಜೀರ್ಣವಾಗುವುದಿಲ್ಲ. ಒಬ್ಬ ಮನುಷ್ಯನನ್ನು ಕಡಿದ ಮೇಲೂ ಅವರು ತಮ್ಮ ಕೆಲಸ ನಿಲ್ಲಿಸಲಿಲ್ಲ.

ಜಲಜಕ್ಕ ಒಳಗಿನಿಂದ ಬಂದಾಗ ಕೈ ತುಂಬ ಉದ್ದಿನ ಹಿಟ್ಟು. ಅದೇ ಕೈಯಲ್ಲಿ ಗಂಡನ ಹೆಗಲ ಟವೆಲು ಎಳೆದು ಕುತ್ತಿಗೆಗೆ ಒತ್ತಿ ಹಿಡಿದರು. ಹಿಟ್ಟು ಕೆಂಪಾಯಿತು. ರಿಕ್ಷಾದವನೊಬ್ಬ ಯಾರೂ ಕರೆಯದೆಯೇ ಬಂದು ನಿಲ್ಲಿಸಿದ. ಇಸ್ತ್ರಿಯವನೂ ನಾನೂ ಎತ್ತಿ ಮಲಗಿಸಿದೆವು. ಮಳೆ ಆಗಲೇ ಶುರುವಾಯಿತು. ಆಸ್ಪತ್ರೆ ಮುಟ್ಟುವ ಮೊದಲೇ ಸುಧಾಕರಣ್ಣ ಹೋಗಿದ್ದರು.

ಮರುದಿನ ಪೊಲೀಸರು ತಮ್ಮ ಕೆಲಸ ಮುಗಿಸಿ, ಇನ್ನು ತೊಳೆಯಬಹುದು ಎಂದರು. ಜಲಜಕ್ಕನನ್ನು ನಮ್ಮ ಮನೆಯಲ್ಲಿ ಮಲಗಿಸಿ, ನಾನೂ ಇಸ್ತ್ರಿಯವನ ಹೆಂಡತಿಯೂ ಮೆಟ್ಟಿಲು ತೊಳೆದೆವು. ಒಳಗೆ ಸಾಂಬಾರು ಹಂಡೆಯಲ್ಲಿ ಹಾಗೇ ಇತ್ತು. ಯಾರೋ ಉರಿ ಸಣ್ಣಗೆ ಮಾಡಿದ್ದರು, ಆರಿಸುವುದನ್ನು ಮರೆತಿದ್ದರು. ತಳ ಹಿಡಿದು ಗಟ್ಟಿಯಾಗಿತ್ತು. ಹೊರಗೆ ಮೂರು ಮೆಟ್ಟಿಲಿಗೂ ಫಿನೈಲು ಸುರಿದು ತಿಕ್ಕಿದೆವು. ಕಲ್ಲಿನ ಸಂದಿಯಲ್ಲಿ ಇಳಿದದ್ದು ಹೋಗಲಿಲ್ಲ.

ಹುಡುಗರನ್ನು ಬೇಗನೆ ಹಿಡಿದರು. ಠಾಣೆಗೆ ಜಲಜಕ್ಕನ ಜೊತೆ ಮಾತಿಗೆ ನೆರವಾಗಲೆಂದು ನಾನು ಹೋಗಿದ್ದೆ. ತನಿಖೆ ಮಾಡುತ್ತಿದ್ದ ಅಧಿಕಾರಿ ನಡುವಯಸ್ಸಿನವರು, ಸೌಮ್ಯವಾಗಿ ಮಾತಾಡುತ್ತಿದ್ದರು. ಅವರು ಹೇಳಿದ್ದು ಇಷ್ಟು. ಆ ಮೂವರಲ್ಲಿ ಒಬ್ಬನ ಹುಟ್ಟುಹಬ್ಬ ಇತ್ತು. ಫೋನಿನಲ್ಲಿ ಹಾಕಿದ ಯಾವುದೋ ಸ್ಟೇಟಸ್ಸಿನ ಮೇಲೆ ಬೇರೆ ಪೇಟೆಯ ಹುಡುಗನೊಬ್ಬನ ಜೊತೆ ಜಗಳವಾಯಿತು. ಅವನನ್ನು ಹೊಡೆಯಲು ಹೊರಟರು, ಅವನು ಸಿಗಲಿಲ್ಲ. ಕೈಯಲ್ಲಿ ಕೊಯ್ತಾ ಇತ್ತು, ಕುಡಿದಿದ್ದರು. ಬರುವ ದಾರಿಯಲ್ಲಿ ಗಾಡಿಗಳನ್ನು ಒಡೆಯುತ್ತ ಬಂದರು.

"ಆದರೆ ನಮ್ಮ ಗಲ್ಲಿಗೆ ಯಾಕೆ ಬಂದರು?" ಎಂದು ನಾನು ಮರಾಠಿಯಲ್ಲಿ ಕೇಳಿದೆ.

ಅಧಿಕಾರಿ ಎದುರಿನ ಫೈಲು ಮುಚ್ಚಿದರು. "ಮುಖ್ಯ ರಸ್ತೆಯಲ್ಲಿ ಮಳೆ ನೀರು ನಿಂತಿತ್ತು ಮ್ಯಾಡಮ್. ಅದಕ್ಕೇ ಒಳಗೆ ತಿರುಗಿದರು" ಎಂದರು.

ಜಲಜಕ್ಕನಿಗೆ ಅರ್ಥವಾಗಿತ್ತು. ಆದರೂ ನನ್ನ ಕಡೆ ತಿರುಗಿ, "ಎಂತ ಹೇಳಿದ್ರು?" ಎಂದು ಕೇಳಿದರು. ನಾನು ಕನ್ನಡದಲ್ಲಿ ಹೇಳಿದೆ. "ನೀರು ನಿಂತದ್ದಕ್ಕಾ?" ಎಂದರು. ಮನೆಗೆ ಬರುವ ದಾರಿಯಲ್ಲಿ ರಿಕ್ಷಾ ಅದೇ ಮುಖ್ಯ ರಸ್ತೆಯಲ್ಲಿ ಬಂತು. ನೀರು ಇಳಿದಿತ್ತು. ಅವರು ಆ ರಸ್ತೆಯನ್ನು ಕೊನೆಯವರೆಗೂ ನೋಡುತ್ತ ಕೂತಿದ್ದರು.

ಈ ಮಾತನ್ನು ನಮ್ಮವರು ಯಾರೂ ನಂಬಲಿಲ್ಲ. ನಮ್ಮ ಕನ್ನಡ ಬಳಗದ ವಾಟ್ಸಾಪ್ ಗುಂಪಿನಲ್ಲಿ ಮೊದಲೆರಡು ದಿನ ಕೈಮುಗಿದ ಚಿತ್ರಗಳು ಬಂದವು. ಆಮೇಲೆ ಪ್ರಶ್ನೆಗಳು. ಹಫ್ತಾ ಕೊಡಲಿಲ್ಲವಂತೆ ಹೌದೇ? ಊರಲ್ಲಿ ಅಣ್ಣತಮ್ಮಂದಿರ ಆಸ್ತಿ ವ್ಯಾಜ್ಯ ಇತ್ತಂತೆ. ಪಕ್ಕದ ಗಲ್ಲಿಯಲ್ಲಿ ಇನ್ನೊಂದು ಹೋಟೆಲ್ಲು ತೆರೆದವರ ಜೊತೆ ಮಾತು ಕಟ್ಟಿತ್ತಂತೆ. ಒಬ್ಬರು, ಹೆಸರು ಹೇಳುವುದು ಬೇಡ, ಹೆಂಗಸಿನ ವಿಷಯ ಅಂತ ಕೇಳಿದೆ, ದೇವರೇ ಬಲ್ಲ ಎಂದು ಬರೆದರು. ತರಕಾರಿ ಕೊಳ್ಳುವಾಗ, ಬಸ್‌ಸ್ಟಾಪಿನಲ್ಲಿ, ಬ್ಯಾಂಕಿನಲ್ಲಿ ನನ್ನನ್ನು ನಿಲ್ಲಿಸಿ ಕೇಳಿದವರೆಲ್ಲರ ಮಾತೂ ಒಂದೇ. "ಖರೇ ಹೇಳ್ರಿ ಟೀಚರ್, ಏನರೆ ಇದ್ದs ಇರಬೇಕಲ್ರೀ? ಸುಮ್ ಸುಮ್ನ ಯಾರರೆ ಹೊಡೀತಾರೇನು?"

ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಅವರ ಮುಖಗಳನ್ನು ನೋಡುತ್ತ ಗೊತ್ತಾಯಿತು. ಕೇಳುವವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ, ಎಲ್ಲರೂ ಹೆದರಿದ್ದರು. ಸುಧಾಕರಣ್ಣ ಏನಾದರೂ ತಪ್ಪು ಮಾಡಿದ್ದರೆ, ಆ ತಪ್ಪು ಮಾಡದ ತಾವು ಬದುಕಿಕೊಳ್ಳಬಹುದು. ಏನೂ ಮಾಡದಿದ್ದರೆ, ಸಂಜೆ ಕುರ್ಚಿ ಒಳಗಿಡಲು ಹೊರಗೆ ಬರುವ ಪ್ರತಿಯೊಬ್ಬನ ಕುತ್ತಿಗೆಯೂ ಅಷ್ಟೇ ಅಗ್ಗ. ಅದನ್ನು ಒಪ್ಪಿಕೊಂಡು ಮಲಗುವುದು ಯಾರಿಂದಲೂ ಆಗುತ್ತಿರಲಿಲ್ಲ. ನನ್ನಿಂದಲೂ ಆಗುತ್ತಿರಲಿಲ್ಲ.

ಶಾಲೆಯಲ್ಲೂ ಅದು ನನ್ನನ್ನು ಬಿಡಲಿಲ್ಲ. ಔಷಧಿ ಅಂಗಡಿಯ ಕ್ಯಾಮೆರಾದಲ್ಲಿ ದಾಖಲಾದದ್ದು ಹೇಗೋ ಹೊರಗೆ ಬಿದ್ದು ಊರೆಲ್ಲ ಓಡಾಡುತ್ತಿತ್ತು. ಒಂದು ದಿನ ಹತ್ತನೆಯ ತರಗತಿಗೆ ಹೋದಾಗ ಹಿಂದಿನ ಬೆಂಚಿನಲ್ಲಿ ನಾಲ್ಕೈದು ತಲೆಗಳು ಒಂದು ಫೋನಿನ ಮೇಲೆ ಬಾಗಿದ್ದವು. ಕಸಿದುಕೊಂಡು ನೋಡಿದೆ. ಯಾರೋ ಆ ದೃಶ್ಯವನ್ನು ನಿಧಾನಗೊಳಿಸಿ, ಅದಕ್ಕೆ ಡೋಲು ಬಡಿಯುವ ಒಂದು ಹಾಡು ಸೇರಿಸಿದ್ದರು. ಸುಧಾಕರಣ್ಣ ಕುರ್ಚಿ ಹಿಡಿದು ಬೀಳುವುದು ತಾಳಕ್ಕೆ ಸರಿಯಾಗಿ ಹೊಂದಿತ್ತು. "ಇವರು ನನಗೆ ಗೊತ್ತಿದ್ದವರು" ಎಂದೆ. ಮಕ್ಕಳು ತಲೆತಗ್ಗಿಸಿದರು. ಒಬ್ಬಳು ಅಳತೊಡಗಿದಳು. ಆ ದಿನ ಪಾಠ ಮಾಡಲಾಗಲಿಲ್ಲ. ಪರೀಕ್ಷೆಯ ವರ್ಷ ಎಂದು ಎಲ್ಲರನ್ನೂ ನಕಾಶೆ ಬಿಡಿಸಲು ಕೂರಿಸಿ, ಅವರ ಕೈಗಳನ್ನೇ ನೋಡುತ್ತ ನಿಂತಿದ್ದೆ.

ಶ್ರಾವಣದಲ್ಲಿ ಬಳಗದವರು ಶ್ರದ್ಧಾಂಜಲಿ ಸಭೆ ಇಟ್ಟರು. ಬಾಡಿಗೆಯ ಸಭಾಗೃಹ, ಹೊರಗೆ ಒದ್ದೆ ಛತ್ರಿಗಳ ರಾಶಿ. ಕುಲಕರ್ಣಿ ಕಾಕಾ ಮಾತಾಡಿದರು. ಬಳಗಕ್ಕೆ ಹಿರಿಯರು, ಒಳ್ಳೆಯವರು, ಎಲ್ಲರ ಮನೆಯ ಮದುವೆ ಮುಂಜಿಗೂ ಓಡಾಡುವವರು. ಸುಧಾಕರಣ್ಣನನ್ನು ಹೊಗಳಿದ ಮೇಲೆ ಕೊನೆಯಲ್ಲಿ ಅಂದರು, "ನಾವು ಹೊರಗಿಂದ ಬಂದಂಥಾ ಮಂದಿ. ನಮ್ಮ ವ್ಯವಹಾರ ನಾವು ಸ್ವಚ್ಛ ಇಟಗೋಬೇಕು. ಯಾರ ಜೋಡಿನೂ ತಂಟೆ ಬ್ಯಾಡ, ಜಗಳ ಬ್ಯಾಡ. ಇದರಿಂದ ನಾವು ಕಲೀಬೇಕಾದ್ದು ಅದs."

ಮುಂದಿನ ಸಾಲಿನಲ್ಲಿ ಕೂತಿದ್ದ ಜಲಜಕ್ಕ ಎದ್ದು ನಿಂತರು. ಮೈಕಿನ ಹತ್ತಿರ ಹೋಗಲಿಲ್ಲ, ಇದ್ದಲ್ಲಿಂದಲೇ ಕೇಳಿದರು.

"ನಮ್ಮವರು ಯಾರ ಹತ್ರ ಜಗಳ ಮಾಡಿದ್ರು?"

"ಹಂಗ ಅಲ್ರಿ ತಂಗೀ, ನಾ ಸಾಮಾನ್ಯ ಮಾತು ಹೇಳಿದೆ."

"ಸಾಮಾನ್ಯ ಬೇಡ. ಯಾರ ಹತ್ರ ಅಂತ ಹೇಳಿ. ಇಷ್ಟು ಜನ ಇದ್ದೀರಲ್ಲ, ಗೊತ್ತಿದ್ದವರು ಯಾರಾದ್ರೂ ಹೇಳಿ. ನಾನೂ ತಿಳ್ಕೊಳ್ತೇನೆ. ನನಗೂ ನಿದ್ದೆ ಬರ್ಬೇಕಲ್ಲ?"

ಅವರು ಸುತ್ತ ಒಮ್ಮೆ ನೋಡಿದರು.

"ಸತ್ತವರು ಸತ್ತರು. ಈಗ ಹೆಸರನ್ನೂ ಕೊಲ್ಲುದು ಬೇಡ" ಎಂದು ಕೂತರು.

ಕುಲಕರ್ಣಿ ಕಾಕಾನ ಕಣ್ಣು ತುಂಬಿ ಬಂತು. "ತಪ್ಪಾತು ತಂಗೀ" ಎಂದರು, ಮೈಕಿನಲ್ಲೇ. ಆ ದಿನದಿಂದ ಗುಂಪಿನಲ್ಲಿ ಪ್ರಶ್ನೆಗಳು ನಿಂತವು. ಜನರ ಮನಸ್ಸಿನಲ್ಲಿ ನಿಂತವೋ ಇಲ್ಲವೋ ಹೇಳಲಾರೆ.

ಅಷ್ಟರಲ್ಲಿ ಪೊಲೀಸರಿಗೆ ಸಾಕ್ಷಿಗಳು ಬೇಕಾಗಿದ್ದರು. ಕ್ಯಾಮೆರಾದ ಚಿತ್ರದಲ್ಲಿ ಬೆನ್ನು ಕಾಣುತ್ತಿತ್ತು, ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಔಷಧಿ ಅಂಗಡಿಯವನು ಶಟರ್ ಒಳಗಿದ್ದೆ ಎಂದ. ಇಸ್ತ್ರಿಯವನು ತಲೆ ತಗ್ಗಿಸಿ ಬಟ್ಟೆ ನೋಡುತ್ತಿದ್ದೆ ಎಂದ. ಮೇಲಿನ ಮಹಡಿಗಳವರು ಟೀವಿ ನೋಡುತ್ತಿದ್ದೆವು ಎಂದರು. ಮುಖ ನೋಡಿದವಳು ನಾನೊಬ್ಬಳೇ.

ಶ್ರೀಪಾದರ ಕೆಲಸ ಊರಿನ ಆ ತುದಿಯ ದೇಹೂ ರೋಡಿನಲ್ಲಿ. ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುವವರು. ಘಟನೆಯ ಹೊತ್ತಿಗೆ ಅವರು ಇನ್ನೂ ದಾರಿಯಲ್ಲಿದ್ದರು. ಗುರುತು ಹಿಡಿಯಲು ಬರಬೇಕೆಂದು ಠಾಣೆಯಿಂದ ಫೋನು ಬಂದ ದಿನ ಅವರು ಊಟದ ತಟ್ಟೆ ಸರಿಸಿದರು.

"ಕತ್ತಲ್ಯಾಗ ಸರಿ ಕಾಣಸಲಿಲ್ಲ ಅಂತ ಹೇಳು. ಅಷ್ಟ ಸಾಕು."

"ಕಂಡದ ನನಗ."

"ಕಂಡಿದ್ರೇನಾತು? ಅವರಿಗೆ ಗೆಳೆಯರಿಲ್ಲೇನು? ಅದಿತಿ ಕಾಲೇಜಿಂದ ಒಬ್ಬಾಕೀನ ಬರ್ತಾಳ. ಬಸ್ ಇಳಿದು ಇದs ಗಲ್ಲಿ ನಡೀಬೇಕು. ನೀ ಅದನ್ನ ವಿಚಾರ ಮಾಡೀಯೇನು?"

ಮಾಡಿದ್ದೆ. ಅವರು ಹೇಳುವುದರಲ್ಲಿ ಸುಳ್ಳೇನೂ ಇರಲಿಲ್ಲ. ಕಾರಣವಿಲ್ಲದೆ ಒಬ್ಬರನ್ನು ಕಡಿದವರು, ಕಾರಣವೇ ಸಿಕ್ಕರೆ ಏನು ಮಾಡಲಾರರು? ಎರಡು ದಿನ ನಾವಿಬ್ಬರೂ ಬೇರೆ ಬೇರೆ ಹೊತ್ತಿಗೆ ಉಂಡೆವು. ಅದಿತಿ ಏನೂ ತಿಳಿಯದವಳ ಹಾಗೆ ಓಡಾಡಿದಳು, ಎಲ್ಲ ತಿಳಿದಿತ್ತು.

ಮೂರನೆಯ ದಿನ ಮಧ್ಯಾಹ್ನ ಜಲಜಕ್ಕ ಮೇಲೆ ಬಂದರು. ಪೊಲೀಸರು ನನ್ನ ಹೆಸರು ಹೇಳಿರಬೇಕು. ಇವರು ನನ್ನನ್ನು ಬೇಡಿಕೊಂಡರೆ ಏನು ಹೇಳಲಿ ಎಂದು ಯೋಚಿಸುತ್ತಲೇ ಕುರ್ಚಿ ಎಳೆದು ಕೊಟ್ಟೆ. ಅವರು ಬೇಡಲಿಲ್ಲ.

"ಟೀಚರೇ, ನೀವು ಗುರುತು ಹೇಳುದು ಬಿಡುದು ನಿಮ್ಮ ಇಷ್ಟ. ಮನೆಯಲ್ಲಿ ಹೆಣ್ಣುಮಗು ಉಂಟು, ನನಗೆ ಗೊತ್ತಾಗ್ತದೆ. ನಾನು ಅದಕ್ಕೆ ಬಂದದ್ದಲ್ಲ." ಸೆರಗನ್ನು ಬೆರಳಿಗೆ ಸುತ್ತುತ್ತ ಕೂತರು. "ಅವರು ಕಡೆಗೆ ಎಂತದೋ ಹೇಳಿದ್ರಲ್ಲ ಅವನಿಗೆ. ಮಿಕ್ಸಿ ಓಡ್ತಾ ಇತ್ತು, ನನಗೆ ಕೇಳಲಿಲ್ಲ. ಎಂತ ಹೇಳಿದ್ರು?"

ನಾನು ಹೇಳಿದೆ. ಆ ಧಾಟಿಯಲ್ಲೇ ಹೇಳಿದೆ.

"ಬಾಳಾ ಅಂದ್ರಾ?" ಎಂದರು. ನಕ್ಕ ಹಾಗಾಯಿತು. "ಅವನಿಗೂ?"

ಅವರು ಇಳಿದು ಹೋದ ಮೇಲೆ ನಾನು ಠಾಣೆಗೆ ಫೋನು ಮಾಡಿ ಬರುತ್ತೇನೆಂದೆ. ಸಂಜೆ ಶ್ರೀಪಾದರಿಗೆ ಹೇಳಿದೆ. ಅವರು ಬಹಳ ಹೊತ್ತು ಬಾಲ್ಕನಿಯಲ್ಲಿ ನಿಂತಿದ್ದರು. ಒಳಗೆ ಬಂದು, "ರಜಾ ಹಾಕ್ತೀನಿ. ಒಬ್ಬಾಕೀನ ಹೋಗಬ್ಯಾಡ" ಎಂದರು.

ಸಾಲಾಗಿ ನಿಲ್ಲಿಸಿದ್ದರು. ಎಲ್ಲರೂ ಹೆಚ್ಚುಕಡಿಮೆ ಒಂದೇ ಎತ್ತರ, ಒಂದೇ ವಯಸ್ಸು, ಅದೇ ಕೂದಲು. ನನ್ನ ತರಗತಿಯ ಹಾಜರಿ ಕರೆಯುವಾಗ ಕಾಣುವ ಮುಖಗಳಂಥವೇ. ಅವನು ಬಾಯಿ ಮುಚ್ಚಿಕೊಂಡಿದ್ದ. ಬಾಯಿ ತೆರೆಯದೆಯೂ ಅವನು ಯಾರೆಂದು ಗೊತ್ತಾಯಿತು. ಬೆರಳು ತೋರಿಸಿದೆ. ಅವನು ನನ್ನನ್ನು ನೋಡಿದ, ಆಮೇಲೆ ಗೋಡೆಯ ಗಡಿಯಾರ ನೋಡಿದ.

ಅವನ ವಯಸ್ಸು ಹದಿನೆಂಟಾಗಿರಲಿಲ್ಲ. ಹಾಗಾಗಿ ಅವನ ಪ್ರಕರಣ ಬಾಲನ್ಯಾಯ ಮಂಡಳಿಗೆ ಹೋಯಿತು, ಉಳಿದಿಬ್ಬರದು ಬೇರೆ ಕೋರ್ಟಿಗೆ. ಗಣಪತಿ ಹಬ್ಬ ಮುಗಿದ ಮೇಲೆ ಒಂದು ಮಧ್ಯಾಹ್ನ ನಾನೂ ಜಲಜಕ್ಕನೂ ಆ ಕಚೇರಿಯ ಹೊರಗೆ ಬೆಂಚಿನ ಮೇಲೆ ಕೂತಿದ್ದೆವು. ಮಳೆ ಇನ್ನೂ ಬಿಟ್ಟಿರಲಿಲ್ಲ. ಎದುರಿನ ಬೆಂಚಿನಲ್ಲಿದ್ದ ಒಬ್ಬ ಹೆಂಗಸು ಆಗಾಗ ನಮ್ಮ ಕಡೆ ನೋಡುತ್ತಿದ್ದಳು. ನನ್ನದೇ ವಯಸ್ಸು, ಇಸ್ತ್ರಿ ಮಾಡಿದ ಹತ್ತಿ ಸೀರೆ, ಕೈಯಲ್ಲಿ ಊಟದ ಡಬ್ಬಿ. ಕೊನೆಗೆ ಎದ್ದು ಬಂದು ನಮ್ಮ ಮುಂದೆ ನಿಂತಳು. ತಾನು ಅವನ ತಾಯಿ ಎಂದಳು.

ಜಲಜಕ್ಕ ಕದಲಲಿಲ್ಲ. ನಾನು ಎದ್ದು ನಡುವೆ ನಿಲ್ಲಲು ಹೋದೆ. ಅವರು ನನ್ನ ಕೈ ಹಿಡಿದು ಕೂರಿಸಿದರು.

ಆ ತಾಯಿ ಕ್ಷಮೆ ಕೇಳಲಿಲ್ಲ. ಕೇಳಲು ಬಾಯಿ ಬರಲಿಲ್ಲವೋ ಏನೋ. ಅವಳು ಮರಾಠಿಯಲ್ಲಿ, ಬಹಳ ಸಣ್ಣ ದನಿಯಲ್ಲಿ ಕೇಳಿದ್ದು ಒಂದೇ ಮಾತು. ಮಗ ಏನು ಕೇಳಿದರೂ ಹೇಳುತ್ತಿಲ್ಲ. ನಿಮ್ಮ ಯಜಮಾನರು ಅವನಿಗೆ ಏನಾದರೂ ಅಂದರೇ? ಬೈದರೇ? ತಾಯಿಯ ಹೆಸರು ಎತ್ತಿ ಏನಾದರೂ ಅಂದರೇ? ಅಂದಿದ್ದರೆ ಹೇಳಿ, ನಾನು ಯಾರ ಮುಂದೆಯೂ ಹೇಳುವುದಿಲ್ಲ. ನನಗೆ ಗೊತ್ತಾದರೆ ಸಾಕು.

ಅವಳಿಗೂ ಅದೇ ಬೇಕಾಗಿತ್ತು. ನಮ್ಮ ಬಳಗದವರಿಗೆ ಬೇಕಾಗಿದ್ದದ್ದೇ. ಒಂದು ಬೈಗುಳವಾದರೂ ಸಿಕ್ಕರೆ, ಅಷ್ಟು ಹಿಡಿದುಕೊಂಡು ಆ ಮಗನನ್ನು ಮತ್ತೆ ಮನೆಯೊಳಗೆ ಕರೆದುಕೊಳ್ಳಬಹುದಿತ್ತು.

ಜಲಜಕ್ಕ ನನ್ನ ಅನುವಾದಕ್ಕೆ ಕಾಯಲಿಲ್ಲ. ತಮ್ಮ ಮುರುಕು ಮರಾಠಿಯಲ್ಲೇ ಹೇಳಿದರು, ಬೈಯಲಿಲ್ಲ, ಬಾಳಾ ಎಂದರು ಎಂದು. ಬಾಳಾ, ಏನು ಮಾಡುತ್ತಿದ್ದೀಯ ಎಂದರು, ಅಷ್ಟೇ ಎಂದು.

ಆ ಹೆಂಗಸು ಡಬ್ಬಿಯನ್ನು ಎದೆಗೆ ಒತ್ತಿಕೊಂಡು, ಬೆಂಚಿನ ತನಕವೂ ಹೋಗಲಾರದೆ, ಕಾರಿಡಾರಿನ ಗೋಡೆಗೆ ಒರಗಿ ನೆಲದ ಮೇಲೆಯೇ ಕೂತುಬಿಟ್ಟಳು. ಜಲಜಕ್ಕ ಅವಳ ಹತ್ತಿರ ಹೋಗಲಿಲ್ಲ. ಮುಖ ತಿರುಗಿಸಲೂ ಇಲ್ಲ. ನಮ್ಮನ್ನು ಒಳಗೆ ಕರೆಯುವವರೆಗೂ ಇಬ್ಬರೂ ಹಾಗೆಯೇ ಎದುರುಬದುರು ಕೂತಿದ್ದರು.

ದಸರಾ ಹೊತ್ತಿಗೆ ಮಳೆ ನಿಂತಿತು. ಮಗಳು ಮಂಗಳೂರಿಗೆ ಬಾ ಎಂದು ಎಷ್ಟು ಕರೆದರೂ ಜಲಜಕ್ಕ ಹೋಗಲಿಲ್ಲ. "ಅಲ್ಲಿ ಹೋಗಿ ಎಂತ ಮಾಡುದು? ಎಲ್ಲರೂ ನನ್ನ ಮುಖ ನೋಡುದು, ನಾನು ಗೋಡೆ ನೋಡುದು" ಎಂದರು. ಹಬ್ಬದ ಮರುದಿನ ಹೋಟೆಲ್ಲು ತೆರೆದರು. ಊರಿನಿಂದ ಬಂದ ಅಡುಗೆಯವರೊಬ್ಬರು ಒಳಗೆ ನಿಂತರು, ಜಲಜಕ್ಕ ಗಲ್ಲಾಕ್ಕೆ ಬಂದರು. ಭಾನುವಾರ ನಮ್ಮವರೂ ಬರತೊಡಗಿದರು, ಆದರೆ ಮೊದಲಿನಷ್ಟು ಹೊತ್ತು ಕೂರುತ್ತಿರಲಿಲ್ಲ. ಸಂಜೆಯಾದರೆ ಯಾರೂ ಇರುತ್ತಿರಲಿಲ್ಲ. ಬೈಕಿನ ಸದ್ದು ಜೋರಾದರೆ ಎಲ್ಲ ಮೇಜಿನವರೂ ಒಮ್ಮೆಗೇ ತಿರುಗಿ ನೋಡುತ್ತಿದ್ದರು.

ಚಳಿಗಾಲದಲ್ಲಿ ಅವನಿಗೆ ಜಾಮೀನು ಸಿಕ್ಕಿತು. ವಿಚಾರಣೆ ನಡೆಯುತ್ತಿರುತ್ತದೆ ಎಂದರು, ಇವತ್ತಿಗೂ ನಡೆಯುತ್ತಿದೆ. ಆ ಸುದ್ದಿ ಬಂದ ದಿನದಿಂದ ಶ್ರೀಪಾದ ಅದಿತಿಯನ್ನು ಕರೆತರಲು ಬಸ್‌ಸ್ಟಾಪಿಗೆ ಹೋಗತೊಡಗಿದರು. ನಾನು ಬಾಲ್ಕನಿಯ ದೀಪ ಹಾಕುವುದನ್ನು ಬಿಟ್ಟೆ. ಅವನು ನಮ್ಮನ್ನು ಹುಡುಕಿಕೊಂಡು ಬರುತ್ತಾನೆ ಎಂದೇ ಇಬ್ಬರೂ ಕಾಯುತ್ತಿದ್ದೆವು.

ಬಂದ. ಸಂಕ್ರಾಂತಿಯ ಆಸುಪಾಸಿನ ಒಂದು ಭಾನುವಾರ, ಬೆಳ್ಳಂಬೆಳಗಿನ ಬಿಸಿಲಲ್ಲಿ. ನಾನು ಗಲ್ಲಾದ ಪಕ್ಕದಲ್ಲೇ ನಿಂತು ಜಲಜಕ್ಕನ ಜೊತೆ ಎಳ್ಳಿನ ವಿಷಯ ಮಾತಾಡುತ್ತಿದ್ದೆ. ಇಬ್ಬರು ಗೆಳೆಯರ ಜೊತೆ ಮೆಟ್ಟಿಲು ಹತ್ತಿದವನನ್ನು ನೋಡಿ ನಾನು ಜಲಜಕ್ಕನ ಕಡೆಗೆ ಸರಿದೆ. ಅವನು ಗಲ್ಲಾದ ಮುಂದೆ ಬಂದು ನಿಂತು, ಫೋನಿನಿಂದ ಕಣ್ಣೆತ್ತಿ ಹೇಳಿದ, "ಮಾವಶೀ, ತೀನ್ ಚಹಾ ದ್ಯಾ."

ಚಿಕ್ಕಮ್ಮಾ, ಮೂರು ಚಹಾ ಕೊಡಿ. ಅಷ್ಟೇ. ಅವನ ಮುಖದಲ್ಲಿ ಅಣಕ ಇದೆಯೇ ಎಂದು ನಾನು ಹುಡುಕಿದೆ. ಬೆದರಿಕೆ ಇದೆಯೇ ಎಂದು ಹುಡುಕಿದೆ. ಇರಲಿ ಎಂದು ಹಾರೈಸಿದೆ ಕೂಡ. ಏನೂ ಇರಲಿಲ್ಲ. ಅವನು ನನ್ನನ್ನು ನೋಡಿದ, ಜಲಜಕ್ಕನನ್ನು ನೋಡಿದ, ಗೋಡೆಯ ತಿಂಡಿಗಳ ಬೋರ್ಡು ನೋಡಿದ. ಮೂರನ್ನೂ ಒಂದೇ ರೀತಿ ನೋಡಿದ. ಅವನಿಗೆ ಈ ಗಲ್ಲಿ ನೆನಪಿರಲಿಲ್ಲ, ಠಾಣೆಯಲ್ಲಿ ಬೆರಳು ತೋರಿಸಿದ ನನ್ನ ಮುಖವೂ ನೆನಪಿರಲಿಲ್ಲ. ಮಳೆಗಾಲದ ಒಂದು ಸಂಜೆ, ಕುಡಿದು, ಹಾದುಹೋದ ಹಲವು ಗಲ್ಲಿಗಳಲ್ಲಿ ಇದೂ ಒಂದು.

ಜಲಜಕ್ಕನಿಗೆ ಅವನು ಯಾರೆಂದು ಗೊತ್ತಿತ್ತು. ಮಂಡಳಿಯ ಎದುರು ನೋಡಿದ್ದರು. ಅವರ ಹಿಂದೆ ಕೆಟಲಿನಿಂದ ಹಬೆ ಏಳುತ್ತಿತ್ತು.

"ಚಹಾ ಸಂಪಲಾ" ಎಂದರು. ಚಹಾ ಮುಗಿಯಿತು.

ಅವನು ಕೆಟಲಿನ ಕಡೆ ಒಮ್ಮೆ ನೋಡಿ, ಭುಜ ಕುಣಿಸಿ, ಗೆಳೆಯರಿಗೆ ಏನೋ ಅಂದು ಮೆಟ್ಟಿಲಿಳಿದ. ನಗುತ್ತ ಗಲ್ಲಿಯ ಆ ತುದಿಗೆ ಹೋದರು.

"ಟೀಚರೇ" ಎಂದರು ಜಲಜಕ್ಕ. "ಅವನಿಗೆ ಗುರುತೇ ಇಲ್ಲ."

"ಇಲ್ರಿ."

"ಕಾರಣ ಇಲ್ಲ ಅಂತ ಒಪ್ಪಿಕೊಂಡಿದ್ದೆ. ನೆನಪಾದ್ರೂ ಉಂಟು ಅಂತ ನೆನೆಸಿದ್ದೆ."

ಕೈಯಲ್ಲಿದ್ದ ಚಿಲ್ಲರೆ ಗಲ್ಲಾದಲ್ಲಿ ಹಾಕಿ ಮುಚ್ಚಿ ಒಳಗೆ ಹೋದರು. ಅಕ್ಕಿ ಮೂಟೆಯ ಮೇಲೆ ಕೂತದ್ದು ಕಿಟಕಿಯಿಂದ ಕಾಣಿಸಿತು. ಆಸ್ಪತ್ರೆಯಲ್ಲಿ ಅಳದಿದ್ದವರು, ಸಭೆಯಲ್ಲಿ ಅಳದಿದ್ದವರು, ಆಗ ಬಾಯಿಬಿಟ್ಟು ಅತ್ತರು. ಅಡುಗೆಯವರು ಸೌಟು ಹಿಡಿದು ಕಲ್ಲಾಗಿ ನಿಂತರು. ಭಾನುವಾರದ ಗಿರಾಕಿಗಳು, ನಮ್ಮವರೇ, ತಟ್ಟೆಯಿಂದ ತಲೆಯೆತ್ತಿದರು. ನಾನು ಗಲ್ಲಾದ ಹಿಂದೆ ಹೋಗಿ ನಿಂತೆ. ಯಾವತ್ತೂ ನಿಂತವಳಲ್ಲ. ಒಳಗಿನ ದನಿ ಹೊರಗೆ ಕೇಳಬಾರದೆಂದು, ತರಗತಿಯಲ್ಲಿ ಕೂಗುವ ಹಾಗೆ ಗಟ್ಟಿಯಾಗಿ, ಒಂದೊಂದೇ ಮೇಜಿನ ಕಡೆ ನೋಡಿ ಕೇಳತೊಡಗಿದೆ.

"ನಿಮಗೇನು ಬೇಕ್ರೀ? ಇಡ್ಲಿ ಅದ, ವಡೆ ಅದ. ಹೇಳ್ರಿ, ನಿಮಗೇನು ಬೇಕು?"